ಟರ್ಬೊ ಡೀಸೆಲ್ ಎಂಜಿನ್ನಿಗೆ ಗಾಳಿಯ ಒತ್ತಡಮಾಪಕ: ಜೋಡಣೆ ಮತ್ತು ಉಪಯೋಗ

ಬೆಂಗಳೂರಿನ ಪಶ್ಚಿಮಕ್ಕಿರುವ ಕೆಂಗೇರಿ, ತಾವರೆಕೆರೆ, ಮಾಗಡಿ ರಸ್ತೆಯ ಸುತ್ತಿನ ಹಳ್ಳಿಗಳಲ್ಲಿ ಖುಷ್ಕಿ ಬೇಸಾಯದ ಮುಖ್ಯ ಬೆಳೆ ರಾಗಿ. ಇಲ್ಲಿನ ಕೆಂಪು ಗೋಡು ಮಣ್ಣು ಮಳೆ ಬಿದ್ದ ಮೇಲೆ ಕೆಲವೇ ದಿನ ಹದವಾಗಿರುತ್ತದೆ. ಆಮೇಲೆ ಬಿಸಿಲಿಗೆ ಮೇಲ್ಪದರ ಹೆಪ್ಪುಗಟ್ಟಿ ನೆಲ ಗಟ್ಟಿಯಾಗುತ್ತದೆ. ಆ ಕೆಲವು ದಿನಗಳಲ್ಲಿ ಉಳುಮೆ ಮತ್ತು ಬಿತ್ತನೆ ಮುಗಿಯದಿದ್ದರೆ ಮುಂದಿನ ಮಳೆಗೆ ಕಾಯಬೇಕು. ಬಿತ್ತನೆ ತಡವಾದಷ್ಟೂ ಇಳುವರಿ ಕುಗ್ಗುತ್ತದೆ ಎಂಬುದು ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಹೀಗಿರುವಾಗ ಹದದ ದಿನವೇ ಟ್ರ್ಯಾಕ್ಟರು ಕಪ್ಪು ಹೊಗೆ ಉಗುಳುತ್ತಾ, ರೋಟವೇಟರ್ ಎಳೆಯಲಾರದೆ ನಿಂತರೆ ನಷ್ಟವಾಗುವುದು ಡೀಸೆಲ್ ಮಾತ್ರವಲ್ಲ, ಹಂಗಾಮೇ ಕೈಬಿಡುತ್ತದೆ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಎಂಜಿನ್ನಿನ ಶಕ್ತಿ ಕುಗ್ಗಿದೆಯೆಂದು ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಲಾಗುತ್ತದೆ. ಒಂದೆರಡು ದಿನ ಎಳೆತ ಹೆಚ್ಚಾದಂತೆ ಕಂಡು, ಹೊಗೆ ಮತ್ತು ಶಾಖ ಎರಡೂ ಏರುತ್ತವೆ. ಕೊನೆಗೆ ಟರ್ಬೊ ಕೆಟ್ಟಿದೆಯೆಂದು ದುಬಾರಿ ಬೆಲೆಯ ಟರ್ಬೊವನ್ನೇ ಬದಲಿಸುವ ಪ್ರಸಂಗ ಬರುತ್ತದೆ. ಇದಕ್ಕೆಲ್ಲ ಕಾರಣ ಒಂದು ಹರಿದ ರಬ್ಬರ್ ಕೊಳವೆಯೋ, ಧೂಳು ತುಂಬಿದ ಏರ್ ಫಿಲ್ಟರೋ ಆಗಿರುವ ಸಂಭವ ಬಹಳ. ಎಂಜಿನ್ನಿಗೆ ಗಾಳಿ ಸಾಕಷ್ಟು ಸಿಗುತ್ತಿದೆಯೇ ಎಂಬುದನ್ನು ಊಹಿಸುವ ಬದಲು ಅಳೆದು ನೋಡಬಹುದು. ಅದಕ್ಕೆ ಬೇಕಾದ ಸಾಧನವೇ ಬೂಸ್ಟ್ ಒತ್ತಡಮಾಪಕ. ಅದನ್ನು ಜೋಡಿಸುವ ಕ್ರಮ ಮತ್ತು ಅದು ತೋರಿಸುವ ಅಂಕಿಯನ್ನು ಅರ್ಥಮಾಡಿಕೊಳ್ಳುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ಮಾತು. ನಮ್ಮಲ್ಲಿ ಬಳಕೆಯಲ್ಲಿರುವ 35 ರಿಂದ 45 ಅಶ್ವಶಕ್ತಿಯ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಟರ್ಬೊ ಇರುವುದಿಲ್ಲ. 50 ಅಶ್ವಶಕ್ತಿ ಮೀರಿದ ಹಲವು ಟ್ರ್ಯಾಕ್ಟರುಗಳು, ಕೊಯ್ಲು ಮಾಡುವ ಕಂಬೈನ್ ಯಂತ್ರಗಳು, ಕೊಳವೆ ಬಾವಿ ಕೊರೆಯುವ ಲಾರಿಗಳ ಕಂಪ್ರೆಸರ್, ತರಕಾರಿ ಸಾಗಿಸುವ ಪಿಕಪ್ ವಾಹನ, ಇವುಗಳಲ್ಲಿ ಟರ್ಬೊ ಇರುತ್ತದೆ. ತಮ್ಮ ಎಂಜಿನ್ನಿನಲ್ಲಿ ಟರ್ಬೊ ಇದೆಯೇ ಎಂಬುದನ್ನು ಮೊದಲು ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಎಂಜಿನ್ನಿಗೆ ಗಾಳಿಯೂ ಆಹಾರವೇ

ಡೀಸೆಲ್ ಉರಿಯಲು ಗಾಳಿ ಬೇಕು. ಎಷ್ಟು ಬೇಕೆಂಬುದನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. 1 ಕಿ.ಗ್ರಾಂ. ಡೀಸೆಲ್ ಪೂರ್ತಿಯಾಗಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕಿ.ಗ್ರಾಂ. ಗಾಳಿ ಬೇಕು. ಆದರೆ ಸಿಲಿಂಡರಿನೊಳಗೆ ಡೀಸೆಲ್ ಮತ್ತು ಗಾಳಿ ಬೆರೆಯಲು ಸಿಗುವ ಸಮಯ ಅತ್ಯಲ್ಪವಾದುದರಿಂದ, ಹೊಗೆಯಿಲ್ಲದೆ ಉರಿಯಬೇಕಾದರೆ 20 ಕಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚು ಗಾಳಿ ಕೊಡಬೇಕಾಗುತ್ತದೆ. ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 0.83 ಕಿ.ಗ್ರಾಂ. ಈ ಲೆಕ್ಕದಲ್ಲಿ ಒಂದು ಲೀಟರ್ ಡೀಸೆಲ್ಲಿಗೆ ಬೆಂಗಳೂರಿನ ಹವೆಯಲ್ಲಿ ಸುಮಾರು 16,000 ಲೀಟರ್ ಗಾಳಿ ಬೇಕಾಗುತ್ತದೆ. ಗಂಟೆಗೆ 6 ಲೀಟರ್ ಡೀಸೆಲ್ ಕುಡಿಯುತ್ತಾ ಉಳುವ ಟ್ರ್ಯಾಕ್ಟರು ಅದೇ ಒಂದು ಗಂಟೆಯಲ್ಲಿ ಒಂದು ಲಕ್ಷ ಲೀಟರಿಗೆ ಹತ್ತಿರದಷ್ಟು ಗಾಳಿಯನ್ನು ಒಳಗೆಳೆಯುತ್ತದೆ. ಒಣ ಹೊಲದ ಧೂಳಿನಲ್ಲಿ ಏರ್ ಫಿಲ್ಟರು ಏಕೆ ಅಷ್ಟು ಬೇಗ ಕಟ್ಟಿಕೊಳ್ಳುತ್ತದೆಂಬುದು ಇದರಿಂದ ತಿಳಿಯುತ್ತದೆ.

ಗಾಳಿ ಕಡಿಮೆಯಾಗಿ ಡೀಸೆಲ್ ಅಷ್ಟೇ ಉಳಿದರೆ, ಉರಿಯದೆ ಉಳಿದ ಇಂಗಾಲ ಕಪ್ಪು ಹೊಗೆಯಾಗಿ ಹೊರಬರುತ್ತದೆ. ಕಪ್ಪು ಹೊಗೆ ಎಂದರೆ ರೈತನ ದುಡ್ಡೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತಿದೆಯೆಂದು ತಿಳಿಯಬೇಕು.

ಬೆಂಗಳೂರಿನ ಎತ್ತರ ಮತ್ತು ಗಾಳಿ

ನಮ್ಮ ಸುತ್ತಲಿನ ಗಾಳಿಗೂ ತೂಕವಿದೆ, ಆ ತೂಕದಿಂದಲೇ ವಾಯುಭಾರ ಉಂಟಾಗುತ್ತದೆ. ಎತ್ತರಕ್ಕೆ ಹೋದಂತೆ ಮೇಲಿರುವ ಗಾಳಿಯ ಪದರ ಕಡಿಮೆಯಾಗಿ ಒತ್ತಡ ಇಳಿಯುತ್ತದೆ. 1648ರಲ್ಲಿ ಫ್ರಾನ್ಸ್ ದೇಶದಲ್ಲಿ ಪಾಸ್ಕಲ್ ಎಂಬ ವಿಜ್ಞಾನಿಯ ಸೂಚನೆಯಂತೆ ಪಾದರಸದ ನಳಿಕೆಯನ್ನು ಬೆಟ್ಟದ ಮೇಲಕ್ಕೆ ಒಯ್ದು ಇದನ್ನು ತೋರಿಸಲಾಯಿತು. ಇಂದು ಒತ್ತಡದ ಅಳತೆಗೆ ಆತನ ಹೆಸರೇ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಪಾದರಸದ ಕಂಬ 760 ಮಿ.ಮೀ. ಬದಲು ಸುಮಾರು 680 ಮಿ.ಮೀ. ಮಾತ್ರ ನಿಲ್ಲುತ್ತದೆ. ನಮ್ಮ ರಾಜ್ಯದ ಕೆಲವು ಊರುಗಳ ಅಂದಾಜು ವಾಯುಭಾರ ಹೀಗಿದೆ.

ಕೋಷ್ಟಕ: ಎತ್ತರ ಮತ್ತು ವಾಯುಭಾರ (ಅಂದಾಜು)

ಮಂಗಳೂರು: ಸಮುದ್ರಮಟ್ಟದ ಸಮೀಪ, 101 ಕಿಲೊಪಾಸ್ಕಲ್
ರಾಯಚೂರು: 400 ಮೀಟರ್, 97 ಕಿಲೊಪಾಸ್ಕಲ್
ದಾವಣಗೆರೆ: 600 ಮೀಟರ್, 94 ಕಿಲೊಪಾಸ್ಕಲ್
ಮಂಡ್ಯ: 680 ಮೀಟರ್, 93 ಕಿಲೊಪಾಸ್ಕಲ್
ಬೆಂಗಳೂರು: 920 ಮೀಟರ್, 91 ಕಿಲೊಪಾಸ್ಕಲ್
ಚಿಕ್ಕಮಗಳೂರು: 1,090 ಮೀಟರ್, 89 ಕಿಲೊಪಾಸ್ಕಲ್

ಅಂದರೆ ಮಂಗಳೂರಿನಲ್ಲಿ ಎಂಜಿನ್ ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿಗಿಂತ ಕೆಂಗೇರಿಯಲ್ಲಿ ಎಳೆದುಕೊಳ್ಳುವ ಗಾಳಿಯ ತೂಕ ಸುಮಾರು ಶೇಕಡಾ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೊಗೆಯಿಲ್ಲದೆ ಉರಿಸಬಹುದಾದ ಡೀಸೆಲ್ಲೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ಟರ್ಬೊ ಈ ಕೊರತೆಯನ್ನು ತುಂಬಿಕೊಡುತ್ತದೆ. ಆದರೆ ಅದಕ್ಕಾಗಿ ಅದು ಇಲ್ಲಿ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಆದುದರಿಂದ ಎತ್ತರದ ಪ್ರದೇಶದಲ್ಲಿ ಸಣ್ಣ ಸೋರಿಕೆಯಾದರೂ ಅದರ ಪರಿಣಾಮ ಬೇಗ ಕಾಣುತ್ತದೆ.

ಟರ್ಬೊ ಕೆಲಸ ಮಾಡುವ ಬಗೆ

ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆಯಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಆ ಶಕ್ತಿಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಬಹುದೆಂಬ ವಿಚಾರಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದನು. ಇಂದಿನ ಟ್ರ್ಯಾಕ್ಟರಿನ ಟರ್ಬೊ ಸಹ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಅಂಗೈಯಗಲದ ಈ ಚಕ್ರಗಳು ಪೂರ್ತಿ ಭಾರದಲ್ಲಿ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತವೆ. ದಂಡವನ್ನು ಹಿಡಿದಿರುವುದು ತೆಳುವಾದ ಎಣ್ಣೆಯ ಪದರ ಮಾತ್ರ.

ಟರ್ಬೊ ವಾಯುಭಾರಕ್ಕಿಂತ ಹೆಚ್ಚಾಗಿ ಒದಗಿಸುವ ಒತ್ತಡಕ್ಕೆ ಬೂಸ್ಟ್ ಒತ್ತಡ ಎನ್ನುತ್ತಾರೆ. ಇದು ಮಿತಿಮೀರದಂತೆ ತಡೆಯಲು ಅನೇಕ ಎಂಜಿನ್ನುಗಳಲ್ಲಿ ವೇಸ್ಟ್‌ಗೇಟ್ ಎಂಬ ಸಣ್ಣ ಬಾಗಿಲು ಇರುತ್ತದೆ. ಒತ್ತಡ ಗೊತ್ತಾದ ಮಟ್ಟ ಮುಟ್ಟಿದಾಗ ಈ ಬಾಗಿಲು ತೆರೆದು ಸ್ವಲ್ಪ ಹೊಗೆ ಚಕ್ರಕ್ಕೆ ತಾಗದೆ ನೇರವಾಗಿ ಹೊರಹೋಗುತ್ತದೆ.

ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. 0.8 ಬಾರ್ ಬೂಸ್ಟ್ ಕೊಡುವ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 110 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಬಿಸಿ ಗಾಳಿ ಹಗುರವಾದುದರಿಂದ ಕೆಲವು ಎಂಜಿನ್ನುಗಳಲ್ಲಿ ಅದನ್ನು ಇಂಟರ್‌ಕೂಲರ್ ಎಂಬ ರೇಡಿಯೇಟರಿನಂಥ ಭಾಗದಲ್ಲಿ ತಣಿಸಿ ನಂತರ ಸಿಲಿಂಡರಿಗೆ ಬಿಡುತ್ತಾರೆ.

ಮಾಪಕದ ವಿಧಗಳು

1. ಮುಳ್ಳಿನ ಮಾಪಕ: ಎಂಜಿನ್ನಿನಿಂದ ಒಂದು ಸಣ್ಣ ಕೊಳವೆಯ ಮೂಲಕ ಗಾಳಿಯ ಒತ್ತಡ ನೇರವಾಗಿ ಮಾಪಕಕ್ಕೆ ಬಂದು ಮುಳ್ಳನ್ನು ತಿರುಗಿಸುತ್ತದೆ. ಬ್ಯಾಟರಿ ಬೇಕಿಲ್ಲ. ಹಳೆಯ ಮಾದರಿಯ ಪಂಪು ಇರುವ ಟ್ರ್ಯಾಕ್ಟರು ಮತ್ತು ಕಂಬೈನುಗಳಿಗೆ ಇದೇ ಸಾಕು. 0 ಯಿಂದ 2 ಅಥವಾ 2.5 ಬಾರ್ ವರೆಗಿನ ಮಾಪಕ ಅನುಕೂಲ. ಟೈರಿಗೆ ಗಾಳಿ ನೋಡುವ 10 ಬಾರ್ ಮಾಪಕ ಹಾಕಿದರೆ ಮುಳ್ಳು ಮೂಲೆಯಲ್ಲೇ ಅಲುಗಾಡುತ್ತದೆ, ಓದಲು ಬರುವುದಿಲ್ಲ.

2. ಎಲೆಕ್ಟ್ರಾನಿಕ್ ಸೆನ್ಸರ್: ಒತ್ತಡಕ್ಕೆ ತಕ್ಕಂತೆ ವಿದ್ಯುತ್ತಿನ ವೋಲ್ಟ್ ಬದಲಿಸುವ ಸಾಧನ. ಇದಕ್ಕೆ ಸಾಮಾನ್ಯವಾಗಿ ಮೂರು ತಂತಿಗಳು: ಒಂದು 5 ವೋಲ್ಟ್, ಒಂದು ಅರ್ಥ್, ಇನ್ನೊಂದು ಅಳತೆಯನ್ನು ತಿಳಿಸುವ ಸಿಗ್ನಲ್. ಬಿಸಿಯನ್ನೂ ಅಳೆಯುವ ಸೆನ್ಸರಾದರೆ ನಾಲ್ಕು ತಂತಿ ಇರುತ್ತವೆ.

ಸೆನ್ಸರುಗಳಲ್ಲಿ ಮತ್ತೆ ಎರಡು ಬಗೆ. ಒಂದು ಬಗೆ ವಾಯುಭಾರವನ್ನು ಬಿಟ್ಟು ಬೂಸ್ಟ್ ಮಾತ್ರ ತೋರಿಸುತ್ತದೆ. ಎಂಜಿನ್ ನಿಂತಾಗ ಎಲ್ಲಿದ್ದರೂ ಸೊನ್ನೆ. ಇನ್ನೊಂದು ಬಗೆ ವಾಯುಭಾರವನ್ನೂ ಸೇರಿಸಿ ಒಟ್ಟು ಒತ್ತಡ ತೋರಿಸುತ್ತದೆ. ಎಂಜಿನ್ ನಿಂತಾಗ ಅದು ಬೆಂಗಳೂರಿನಲ್ಲಿ ಸುಮಾರು 91 ಕಿಲೊಪಾಸ್ಕಲ್, ಮಂಗಳೂರಿನಲ್ಲಿ 101 ಕಿಲೊಪಾಸ್ಕಲ್ ತೋರಿಸಬೇಕು. ಕಾರ್ಖಾನೆಯಿಂದಲೇ ಸೆನ್ಸರ್ ಅಳವಡಿಸಿಕೊಂಡು ಬರುವ ಎಂಜಿನ್ನುಗಳಲ್ಲಿ ಹೆಚ್ಚಾಗಿ ಈ ಎರಡನೆಯ ಬಗೆಯದೇ ಇರುತ್ತದೆ.

ಈ ವ್ಯತ್ಯಾಸ ತಿಳಿಯದೆ ಆಗುವ ಅನಾಹುತಕ್ಕೆ ಒಂದು ಲೆಕ್ಕ ನೋಡಿ. ಪೂರ್ತಿ ಭಾರದಲ್ಲಿ ಸ್ಕ್ಯಾನರ್ 171 ಕಿಲೊಪಾಸ್ಕಲ್ ತೋರಿಸಿತು ಎನ್ನೋಣ. ಬೆಂಗಳೂರಿನ ವಾಯುಭಾರ 91ನ್ನು ಕಳೆದರೆ ಬೂಸ್ಟ್ 80, ಅಂದರೆ 0.8 ಬಾರ್. ರೂಢಿಯಂತೆ 101ನ್ನು ಕಳೆದವರಿಗೆ 70 ಮಾತ್ರ ಸಿಗುತ್ತದೆ. ಟರ್ಬೊ ದುರ್ಬಲವಾಗಿದೆ ಎಂಬ ತಪ್ಪು ತೀರ್ಮಾನ ಇಲ್ಲಿಂದಲೇ ಹುಟ್ಟುತ್ತದೆ.

ಅಳತೆಗಳ ಹೊಂದಾಣಿಕೆ: 1 ಬಾರ್ ಎಂದರೆ 100 ಕಿಲೊಪಾಸ್ಕಲ್, ಚದರ ಸೆಂ.ಮೀ.ಗೆ 1.02 ಕಿ.ಗ್ರಾಂ. ಅಥವಾ ಚದರ ಅಂಗುಲಕ್ಕೆ 14.5 ಪೌಂಡು.

ಎಲ್ಲಿ ಜೋಡಿಸಬೇಕು?

ಟರ್ಬೊ ಮತ್ತು ಇಂಟರ್‌ಕೂಲರ್ ಎರಡನ್ನೂ ದಾಟಿ ಗಾಳಿ ಸಿಲಿಂಡರಿಗೆ ಹೋಗುವ ಮುನ್ನ ಇರುವ ಇನ್‌ಟೇಕ್ ಮ್ಯಾನಿಫೋಲ್ಡೇ ಸರಿಯಾದ ಜಾಗ. ಎಂಜಿನ್ನಿಗೆ ನಿಜವಾಗಿ ಮುಟ್ಟುವ ಒತ್ತಡ ಅದು. ಟರ್ಬೊದ ಬಾಯಲ್ಲೇ ಅಳೆದರೆ ಮುಂದಿನ ಕೊಳವೆಗಳ ಮತ್ತು ಇಂಟರ್‌ಕೂಲರಿನ ದೋಷ ಸರಿಯಾಗಿ ತಿಳಿಯುವುದಿಲ್ಲ. ಅಲ್ಲಿ ಶಾಖವೂ ಹೆಚ್ಚು.

ಜಾಗ ಆರಿಸುವಾಗ ಈ ಕ್ರಮ ಅನುಸರಿಸಬಹುದು.

ಅ) ಕೆಲವು ಮ್ಯಾನಿಫೋಲ್ಡುಗಳಲ್ಲಿ ಕಾರ್ಖಾನೆಯವರೇ ತೂತು ಮಾಡಿ ಬೋಲ್ಟ್ ಹಾಕಿ ಮುಚ್ಚಿರುತ್ತಾರೆ. ಅದಿದ್ದರೆ ಅದೇ ಉತ್ತಮ.

ಆ) ಟರ್ಬೊ ಎಂಜಿನ್ನಿನ ಕೆಲವು ಹಳೆಯ ಮಾದರಿಯ ಡೀಸೆಲ್ ಪಂಪುಗಳ ಮೇಲೆ ಗುಂಡಗಿನ ಡಬ್ಬಿಯೊಂದಿದ್ದು, ಮ್ಯಾನಿಫೋಲ್ಡಿನಿಂದ ಸಣ್ಣ ಕೊಳವೆಯೊಂದು ಅದಕ್ಕೆ ಬಂದಿರುತ್ತದೆ. ಬೂಸ್ಟ್ ಏರಿದಾಗ ಮಾತ್ರ ಡೀಸೆಲ್ ಹೆಚ್ಚಿಸುವುದು ಈ ಡಬ್ಬಿಯ ಕೆಲಸ. ಈ ಕೊಳವೆಯ ನಡುವೆ 'ಟಿ' ಜೋಡಣೆ ಹಾಕಿ ಮಾಪಕಕ್ಕೆ ಕವಲು ತೆಗೆಯಬಹುದು. ಆದರೆ ಜೋಡಣೆ ಸೋರಿದರೆ ಪಂಪಿಗೆ ಒತ್ತಡ ಸಾಲದೆ ಡೀಸೆಲ್ ಕಡಿಮೆಯಾಗಿ ಎಂಜಿನ್ ಸೊರಗುತ್ತದೆ ಎಂಬುದನ್ನು ಮರೆಯಬಾರದು.

ಇ) ಮೇಲಿನ ಎರಡೂ ಇಲ್ಲದಿದ್ದರೆ ಮ್ಯಾನಿಫೋಲ್ಡಿಗೆ ಹೊಸ ತೂತು ಕೊರೆಯಬೇಕು.

ವೇಸ್ಟ್‌ಗೇಟಿಗೆ ಹೋಗುವ ಕೊಳವೆಯಲ್ಲಿ ಮಾತ್ರ ಎಂದಿಗೂ ಕವಲು ತೆಗೆಯಬಾರದು. ಅದು ಸೋರಿದರೆ ಬಾಗಿಲು ತೆರೆಯುವುದು ತಡವಾಗಿ ಬೂಸ್ಟ್ ಮಿತಿಮೀರಿ, ಟರ್ಬೊ ಮತ್ತು ಪಿಸ್ಟನ್ ಎರಡಕ್ಕೂ ಅಪಾಯವಾಗುತ್ತದೆ.

ಜೋಡಿಸುವ ಕ್ರಮ

1. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಸುತ್ತಲಿನ ಮಣ್ಣು, ಎಣ್ಣೆಯನ್ನು ಒರೆಸಿ ತೆಗೆಯಬೇಕು.

2. ತೂತು ಕೊರೆಯಬೇಕಾದರೆ ಮ್ಯಾನಿಫೋಲ್ಡನ್ನು ಕಡ್ಡಾಯವಾಗಿ ಕಳಚಿಯೇ ಕೊರೆಯಬೇಕು. ಎಂಜಿನ್ನಿನ ಮೇಲೆಯೇ ಕೊರೆದರೆ ಲೋಹದ ಚೂರು ಸಿಲಿಂಡರಿಗೆ ಇಳಿದು ಪಿಸ್ಟನ್ ಮತ್ತು ಲೈನರುಗಳನ್ನು ಗೀರುತ್ತದೆ. ಡ್ರಿಲ್ಲಿಗೆ ಗ್ರೀಸ್ ಸವರಿದರೆ ಚೂರು ಅಂಟಿಕೊಳ್ಳುತ್ತದೆಂಬ ಮಾತನ್ನು ನಂಬಬಾರದು.

3. 1/8 ಅಂಗುಲದ ಪೈಪ್ ಮರೆ ಸಾಕಾಗುತ್ತದೆ. ಮಾಪಕದ ಮರೆ ಯಾವುದೆಂದು ನೋಡಿ ಅದಕ್ಕೆ ಸರಿಹೊಂದುವ ಟ್ಯಾಪ್ ಹೊಡೆಸಬೇಕು. ರಾಜಾಜಿನಗರ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ ಮತ್ತು ಪೀಣ್ಯದ ಸಣ್ಣ ಕಾರ್ಯಾಗಾರಗಳಲ್ಲಿ ಈ ಕೆಲಸ ಮಾಡುವವರಿದ್ದಾರೆ. ಅಲ್ಯುಮಿನಿಯಂ ಮ್ಯಾನಿಫೋಲ್ಡಿನ ಮರೆ ಬೇಗ ಕಿತ್ತುಬರುವುದರಿಂದ ಕಡಿಮೆ ಬಲದಲ್ಲಿ ಬಿಗಿಯಬೇಕು.

4. ತೂತು ಮ್ಯಾನಿಫೋಲ್ಡಿನ ಮೇಲ್ಭಾಗದಲ್ಲಿರಲಿ. ಗಾಳಿಯ ಜೊತೆ ಬರುವ ಎಣ್ಣೆ ತಳದಲ್ಲಿ ನಿಲ್ಲುತ್ತದೆ. ಸೆನ್ಸರನ್ನು ಅದರ ಬಾಯಿ ಕೆಳಮುಖವಾಗಿರುವಂತೆ ಕೂರಿಸಿದರೆ ಒಳಹೊಕ್ಕ ಎಣ್ಣೆ ತಾನೇ ಇಳಿದು ಹೋಗುತ್ತದೆ.

5. ಕೊರೆದ ಭಾಗವನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು, ಗಾಳಿ ಹೊಡೆದು, ಬಿಳಿ ಬಟ್ಟೆಯಿಂದ ಒಳಗೆಲ್ಲ ಒರೆಸಿ ನೋಡಬೇಕು. ಹೊಸ ಗ್ಯಾಸ್ಕೆಟ್ ಹಾಕಿ ಮ್ಯಾನಿಫೋಲ್ಡನ್ನು ಮತ್ತೆ ಕೂರಿಸಬೇಕು.

6. ಮುಳ್ಳಿನ ಮಾಪಕಕ್ಕೆ ಶಾಖ ತಡೆಯುವ ನೈಲಾನ್ ಅಥವಾ ತಾಮ್ರದ ಸಣ್ಣ ಕೊಳವೆ ಬಳಸಬೇಕು. ಕೊಳವೆ ಟರ್ಬೊ ಮತ್ತು ಸೈಲೆನ್ಸರ್ ಪೈಪಿನಿಂದ ಕನಿಷ್ಠ ಒಂದು ಗೇಣು ದೂರವಿರಲಿ. ತಾಮ್ರದ ಕೊಳವೆಯಾದರೆ ಎಂಜಿನ್ನಿನ ಅದುರುವಿಕೆಗೆ ಮುರಿಯದಂತೆ ಒಂದೆರಡು ಸುತ್ತು ಸುರುಳಿ ಮಾಡಬೇಕು. ಎಲ್ಲಿಯೂ ಲೋಹಕ್ಕೆ ಉಜ್ಜದಂತೆ ಕ್ಲಿಪ್ ಹಾಕಬೇಕು.

7. ಮುಳ್ಳು ಅತಿಯಾಗಿ ನಡುಗುವುದನ್ನು ತಡೆಯಲು ಕೊಳವೆಯ ಬುಡದಲ್ಲಿ ಸೂಜಿಗಾತ್ರದ ತೂತಿರುವ ಸಣ್ಣ ಹಿತ್ತಾಳೆ ತುಂಡನ್ನು ಹಾಕಿಸಬೇಕು.

8. ಮಾಪಕವನ್ನು ಚಾಲಕನ ಕಣ್ಣಿಗೆ ಸುಲಭವಾಗಿ ಬೀಳುವಲ್ಲಿ, ಮಳೆ ನೀರು ತಾಗದಂತೆ ಕೂರಿಸಬೇಕು.

ಸೆನ್ಸರಿನ ತಂತಿ ಜೋಡಣೆ

ಸೆನ್ಸರಿಗೆ ಬೇಕಾದುದು 5 ವೋಲ್ಟ್. ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಕೊಟ್ಟರೆ ಅದು ಸುಟ್ಟುಹೋಗುವ ಸಂಭವವೇ ಹೆಚ್ಚು. ಮೀಟರಿನ ಜೊತೆ ಬಂದ ಪೆಟ್ಟಿಗೆಯಿಂದಲೇ 5 ವೋಲ್ಟ್ ತೆಗೆದುಕೊಂಡು, ಆ ಪೆಟ್ಟಿಗೆಗೆ ಬರುವ ಬ್ಯಾಟರಿ ತಂತಿಗೆ ತಯಾರಕರು ಹೇಳಿದ ಗಾತ್ರದ ಫ್ಯೂಸ್ ಹಾಕಬೇಕು. ಕೀ ಹಾಕಿದಾಗ ಮಾತ್ರ ವಿದ್ಯುತ್ ಬರುವಂತಿರಬೇಕು. ಅರ್ಥ್ ತಂತಿಯನ್ನು ಬಣ್ಣ ಕೆರೆದ ಶುಭ್ರ ಲೋಹಕ್ಕೆ ಬಿಗಿಯಬೇಕು. ತಂತಿಗಳನ್ನು ಹೊಸೆದು ಟೇಪ್ ಸುತ್ತುವ ಪದ್ಧತಿ ಹೊಲದ ಕೆಲಸಕ್ಕೆ ಸಲ್ಲದು. ಬೆಸುಗೆ ಅಥವಾ ಒತ್ತುಜೋಡಣೆ ಮಾಡಿ, ಸುಕ್ಕು ಕೊಳವೆಯೊಳಗೆ ಹಾಯಿಸಿ, ಡೈನಮೊದಿಂದ ದೂರ ಕಟ್ಟಬೇಕು.

ಜೋಡಿಸಿದ ಮೇಲೆ ಒಂದು ಸುಲಭ ಪರೀಕ್ಷೆಯಿದೆ. ಉದಾಹರಣೆಗೆ, ಸೊನ್ನೆಗೆ 0.5 ವೋಲ್ಟ್ ಮತ್ತು 300 ಕಿಲೊಪಾಸ್ಕಲ್ಲಿಗೆ 4.5 ವೋಲ್ಟ್ ಕೊಡುವ, ಒಟ್ಟು ಒತ್ತಡ ತೋರಿಸುವ ಸೆನ್ಸರ್ ಎಂದುಕೊಳ್ಳೋಣ. ಪ್ರತಿ ವೋಲ್ಟಿಗೆ 75 ಕಿಲೊಪಾಸ್ಕಲ್ ಆಯಿತು. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಹಾಕಿ ಮಲ್ಟಿಮೀಟರಿನಲ್ಲಿ ನೋಡಿದರೆ ಬೆಂಗಳೂರಿನಲ್ಲಿ ಸುಮಾರು 1.7 ವೋಲ್ಟ್ ಬರಬೇಕು. 0.8 ಬಾರ್ ಬೂಸ್ಟಿನಲ್ಲಿ ಸುಮಾರು 2.8 ವೋಲ್ಟ್ ಬರುತ್ತದೆ. ಕೀ ಹಾಕಿದಾಗಲೇ ಅಂಕಿ ತಪ್ಪಿದ್ದರೆ ದೋಷ ಸೆನ್ಸರಿನದು ಅಥವಾ ತಂತಿಯದು, ಟರ್ಬೊದ್ದಲ್ಲ. ಪ್ರತಿ ಸೆನ್ಸರಿನ ವೋಲ್ಟ್ ಲೆಕ್ಕ ಬೇರೆಯಾದುದರಿಂದ ಅದರ ಜೊತೆ ಬರುವ ಚೀಟಿಯನ್ನು ಜೋಪಾನವಾಗಿಡಬೇಕು.

ಸೋರಿಕೆ ಪರೀಕ್ಷೆ

ಮಾಪಕದ ಕೊಳವೆಯನ್ನು ಎಂಜಿನ್ನಿನ ಕಡೆಯಿಂದ ಬಿಚ್ಚಿ, ಸೈಕಲ್ ಪಂಪಿನಿಂದ ಮೆಲ್ಲಗೆ 0.8 ಬಾರ್ ವರೆಗೆ ಗಾಳಿ ತುಂಬಿ ಬಾಯಿ ಮುಚ್ಚಬೇಕು. ಐದು ನಿಮಿಷ ಮುಳ್ಳು ಇಳಿಯದೆ ನಿಂತರೆ ಜೋಡಣೆ ಸರಿಯಾಗಿದೆ. ಇಳಿದರೆ ಸಂದುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವಲ್ಲಿ ಬಿಗಿಯಬೇಕು. ಎಂಜಿನ್ ಸುಮ್ಮನೆ ಓಡುವಾಗ ಬೂಸ್ಟ್ ಇರುವುದಿಲ್ಲವಾದ್ದರಿಂದ ಆಗ ಸೋಪಿನ ನೀರು ಹಚ್ಚಿ ಪ್ರಯೋಜನವಿಲ್ಲ.

ಅಂಕಿ ಓದುವ ಕ್ರಮ

ಮಾಪಕ ಜೋಡಿಸಿದ ಕೂಡಲೆ ಮನೆಯ ಅಂಗಳದಲ್ಲಿ ಎಂಜಿನ್ನನ್ನು ಜೋರಾಗಿ ಓಡಿಸಿ, ಮುಳ್ಳು ಏರಲಿಲ್ಲವೆಂದು ಗಾಬರಿಯಾಗುವವರಿದ್ದಾರೆ. ಭಾರವಿಲ್ಲದೆ ಬೂಸ್ಟ್ ಇಲ್ಲ. ಭಾರ ಬಿದ್ದಾಗ ಹೆಚ್ಚು ಡೀಸೆಲ್ ಉರಿದು, ಹೊಗೆಯ ಶಾಖ ಏರಿ, ಆಗ ಮಾತ್ರ ಟರ್ಬೊ ವೇಗ ಪಡೆಯುತ್ತದೆ. ಆದುದರಿಂದ ಟ್ರ್ಯಾಕ್ಟರನ್ನು ನೇಗಿಲು ಅಥವಾ ರೋಟವೇಟರ್ ಹೂಡಿ, ಪಿಕಪ್ಪನ್ನು ಭಾರ ಹೇರಿ ಏರು ಹತ್ತಿಸಿ ನೋಡಬೇಕು. ಕೆಂಗೇರಿ ಕಡೆಯಿಂದ ಯಶವಂತಪುರದ ಮಾರುಕಟ್ಟೆಗೆ ತರಕಾರಿ ಒಯ್ಯುವವರಿಗೆ ನಾಯಂಡಹಳ್ಳಿಯ ತಗ್ಗಿನಿಂದ ವಿಜಯನಗರದ ಕಡೆಗಿರುವ ಏರು ಇದಕ್ಕೆ ಒದಗಬಹುದು. ಚಾಲಕ ರಸ್ತೆ ನೋಡಲಿ, ಮಾಪಕ ನೋಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ.

ಪೂರ್ತಿ ಭಾರದಲ್ಲಿ ಟ್ರ್ಯಾಕ್ಟರು ಎಂಜಿನ್ನುಗಳು ಸಾಮಾನ್ಯವಾಗಿ 0.6 ರಿಂದ 1 ಬಾರ್ ವರೆಗೆ ಬೂಸ್ಟ್ ತೋರಿಸುತ್ತವೆ. ಪಿಕಪ್ ಎಂಜಿನ್ನುಗಳಲ್ಲಿ ಇನ್ನೂ ಹೆಚ್ಚಿರಬಹುದು. ತಯಾರಕರ ಕೈಪಿಡಿಯ ಅಂಕಿಯೇ ಅಂತಿಮ. ಅದಕ್ಕಿಂತ ಮುಖ್ಯವಾದುದು, ಎಂಜಿನ್ ಆರೋಗ್ಯವಾಗಿರುವ ದಿನ ತೆಗೆದ ಅಂಕಿ. ಒಂದೇ ಹೊಲ, ಒಂದೇ ಗೇರ್, ಒಂದೇ ಆಳ, ಎಂಜಿನ್ನಿನ ಒಂದೇ ವೇಗದಲ್ಲಿ ಬಂದ ಬೂಸ್ಟನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಬೇಕು. ಮುಂದೆ ಬರುವ ಅನುಮಾನಗಳಿಗೆಲ್ಲ ಈ ಒಂದು ಸಾಲೇ ಉತ್ತರ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳು ಪ್ರತಿ ಯಂತ್ರಕ್ಕೂ ಇಂಥ ಪುಸ್ತಕವಿಟ್ಟರೆ ಹಂಗಾಮಿನ ನಡುವೆ ಯಂತ್ರ ನಿಲ್ಲುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ದೋಷ ಗುರುತಿಸುವುದು

ಬೂಸ್ಟ್ ಮತ್ತು ಹೊಗೆ ಎರಡನ್ನೂ ಒಟ್ಟಿಗೆ ನೋಡಿದರೆ ದೋಷದ ದಿಕ್ಕು ತಿಳಿಯುತ್ತದೆ.

1. ಬೂಸ್ಟ್ ಕಡಿಮೆ, ಹೊಗೆ ಕಪ್ಪು: ಗಾಳಿಯ ಕೊರತೆ. ಏರ್ ಫಿಲ್ಟರ್ ಕಟ್ಟಿರುವುದು, ಟರ್ಬೊದಿಂದ ಮ್ಯಾನಿಫೋಲ್ಡಿನವರೆಗಿನ ರಬ್ಬರ್ ಕೊಳವೆ ಹರಿದಿರುವುದು ಅಥವಾ ಕ್ಲಿಪ್ ಸಡಿಲವಾಗಿರುವುದು, ಇಂಟರ್‌ಕೂಲರ್ ಸೋರುವುದು, ಟರ್ಬೊಗೆ ಮುಂಚೆಯೇ ಹೊಗೆ ಸೋರುವುದು, ವೇಸ್ಟ್‌ಗೇಟ್ ತೆರೆದೇ ಸಿಕ್ಕಿಕೊಂಡಿರುವುದು, ಇವನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದರೆ ಮಾತ್ರ ಟರ್ಬೊ ಬಿಚ್ಚುವ ಮಾತು.

2. ಬೂಸ್ಟ್ ಕಡಿಮೆ, ಹೊಗೆಯಿಲ್ಲ, ಶಕ್ತಿಯೂ ಇಲ್ಲ: ಇಲ್ಲಿ ಕೊರತೆ ಡೀಸೆಲ್ಲಿನದು. ಡೀಸೆಲ್ ಕಡಿಮೆ ಉರಿದರೆ ಹೊಗೆಯಲ್ಲಿ ಶಕ್ತಿ ಇರುವುದಿಲ್ಲ, ಟರ್ಬೊ ತಿರುಗುವುದಿಲ್ಲ. ಡೀಸೆಲ್ ಫಿಲ್ಟರ್, ಟ್ಯಾಂಕಿನ ಕಸ, ಪೈಪಿನೊಳಗೆ ಗಾಳಿ ಸೇರಿರುವುದನ್ನು ನೋಡಬೇಕು.

3. ಬೂಸ್ಟ್ ಸರಿ, ಹೊಗೆ ಕಪ್ಪು: ಇಂಜೆಕ್ಟರ್ ಸರಿಯಾಗಿ ಸಿಂಪಡಿಸದಿರುವುದು, ಪಂಪಿನ ಟೈಮಿಂಗ್ ತಪ್ಪಿರುವುದು ಅಥವಾ ಪಂಪು ಅತಿಯಾಗಿ ಡೀಸೆಲ್ ಕೊಡುತ್ತಿರುವುದು.

4. ಬೂಸ್ಟ್ ಎಂದಿಗಿಂತ ಹೆಚ್ಚು: ವೇಸ್ಟ್‌ಗೇಟ್ ಮುಚ್ಚಿಯೇ ಸಿಕ್ಕಿಕೊಂಡಿದೆ ಅಥವಾ ಅದರ ಕೊಳವೆ ಕಳಚಿದೆ. ಕೂಡಲೆ ಭಾರ ಇಳಿಸಿ ಕೆಲಸ ನಿಲ್ಲಿಸಬೇಕು.

5. ಬೂಸ್ಟ್ ಕಡಿಮೆ, ಹೊಗೆ ನೀಲಿ, ಟರ್ಬೊದಿಂದ ಕರ್ಕಶ ಶಬ್ದ: ಟರ್ಬೊದ ಬೇರಿಂಗ್ ಸವೆದು ಎಣ್ಣೆ ಒಳಗೆ ಹೋಗುತ್ತಿರಬಹುದು. ಇನ್ನು ಓಡಿಸಬಾರದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ರೈತರ 55 ಅಶ್ವಶಕ್ತಿಯ ಟ್ರ್ಯಾಕ್ಟರು ಕಳೆದ ವರ್ಷ ರೋಟವೇಟರ್ ಹೂಡಿದಾಗ 0.8 ಬಾರ್ ತೋರಿಸುತ್ತಿತ್ತು ಎಂದಿಟ್ಟುಕೊಳ್ಳಿ. ಈ ವರ್ಷ ಅದೇ ಹೊಲದಲ್ಲಿ 0.45 ಮಾತ್ರ, ಜೊತೆಗೆ ಕಪ್ಪು ಹೊಗೆ. ಫಿಲ್ಟರ್ ಬದಲಿಸಿದಾಗ 0.5ಕ್ಕೆ ಏರಿತು, ಹೊಗೆ ಹೋಗಲಿಲ್ಲ. ಅಂದರೆ ಫಿಲ್ಟರಿನದು ಒಂದು ಪಾಲು ಮಾತ್ರ. ರಬ್ಬರ್ ಕೊಳವೆಯನ್ನು ಕಳಚಿ ಬಗ್ಗಿಸಿ ನೋಡಿದಾಗ ಕ್ಲಿಪ್ಪಿನ ಅಡಿಯಲ್ಲಿ ಸೀಳು ಸಿಕ್ಕಿತು. ಕೊಳವೆ ಬದಲಿಸಿದ ಮೇಲೆ ಮತ್ತೆ 0.8. ಪಂಪು ಮುಟ್ಟಲಿಲ್ಲ, ಟರ್ಬೊ ಬಿಚ್ಚಲಿಲ್ಲ. ಮಾಪಕವಿಲ್ಲದಿದ್ದರೆ ಫಿಲ್ಟರ್ ಬದಲಿಸಿದಲ್ಲಿಗೆ ಕೆಲಸ ನಿಂತು, ಮುಂದಿನ ಹೆಜ್ಜೆ ಪಂಪಿನ ಸ್ಕ್ರೂ ಆಗಿರುತ್ತಿತ್ತು. ಹಳೆಯ ಅಂಕಿ ಬರೆದಿಡದಿದ್ದರೆ 0.45 ಎಂಬುದು ಕಡಿಮೆಯೋ ಸರಿಯೋ ಎಂಬುದೂ ತಿಳಿಯುತ್ತಿರಲಿಲ್ಲ.

ಕಾರ್ಖಾನೆಯ ಸೆನ್ಸರ್ ಇರುವ ಎಂಜಿನ್ನುಗಳು

1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಆದರೂ ಡೀಸೆಲ್ ಪಂಪನ್ನು 'ಮೈಕೊ ಪಂಪು' ಎನ್ನುವವರು ಇಂದಿಗೂ ಇದ್ದಾರೆ. ಆ ಕಾಲದ ಪಂಪುಗಳಿಗೂ ಇಂದಿನ ವ್ಯವಸ್ಥೆಗೂ ಬಹಳ ವ್ಯತ್ಯಾಸವಿದೆ. 2020ರ ಏಪ್ರಿಲಿನಿಂದ ಮಾರಾಟವಾದ ಬಿಎಸ್-6 ವಾಹನಗಳಲ್ಲಿ ಮತ್ತು 2023ರ ಜನವರಿಯಿಂದ ಹೊಸ ಹೊಗೆ ನಿಯಮಕ್ಕೆ ಒಳಪಟ್ಟ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ಲಿನ ಪ್ರಮಾಣವನ್ನು ಸಾಮಾನ್ಯವಾಗಿ ಕಂಪ್ಯೂಟರೇ ನಿರ್ಧರಿಸುತ್ತದೆ. ಅದಕ್ಕೆ ಬೂಸ್ಟ್ ತಿಳಿಸುವುದು ಕಾರ್ಖಾನೆಯ ಸೆನ್ಸರ್.

ಇಂಥ ಎಂಜಿನ್ನಿಗೆ ಬೇರೆ ಮಾಪಕ ಬೇಕಿಲ್ಲ. ಸ್ಕ್ಯಾನರ್ ಜೋಡಿಸಿ ಅಂಕಿ ಓದಬಹುದು. ಸೆನ್ಸರಿನ ತಂತಿಯನ್ನು ಕೊಯ್ದು ಕವಲು ತೆಗೆಯಬಾರದು. ಖಾತರಿ ಅವಧಿಯಲ್ಲಿ ಯಾವುದನ್ನೂ ಬಿಚ್ಚಬಾರದು. ಸೆನ್ಸರಿನ ಬಾಯಿಗೆ ಎಣ್ಣೆ ಮತ್ತು ಮಸಿ ಅಂಟಿ ತಪ್ಪು ಅಂಕಿ ಬರುವುದುಂಟು. ಆಗ ಅದನ್ನು ಬಿಚ್ಚಿ, ಎಲೆಕ್ಟ್ರಾನಿಕ್ ಭಾಗಗಳಿಗೆಂದೇ ಸಿಗುವ ದ್ರವ ಸಿಂಪಡಿಸಿ ಒಣಗಿಸಬೇಕು. ಪಿನ್ನು, ತಂತಿ ತೂರಿಸಿ ಕೆರೆಯಬಾರದು, ಒಳಗಿನ ತೆಳು ಪೊರೆ ಹರಿಯುತ್ತದೆ. ಮತ್ತೆ ಹಾಕುವಾಗ ರಬ್ಬರ್ ಉಂಗುರ ಹೊಸದಿರಲಿ. ಬದಲಿಸಬೇಕಾದರೆ ಅದೇ ನಂಬರಿನ ಸೆನ್ಸರನ್ನೇ ಹಾಕಬೇಕು. ನೋಡಲು ಒಂದೇ ತೆರನಾಗಿದ್ದರೂ ಅಳತೆಯ ಮಿತಿ ಬೇರೆಯಾದರೆ ಎಂಜಿನ್ ತಪ್ಪು ಲೆಕ್ಕದಲ್ಲಿ ನಡೆಯುತ್ತದೆ.

ನೆನಪಿಡಬೇಕಾದ ಅಂಶಗಳು

1. ಬೂಸ್ಟ್ ಅಳೆಯದೆ ಪಂಪಿನ ಸ್ಕ್ರೂ ತಿರುಗಿಸಬಾರದು.
2. ಕೀ ಹಾಕಿದಾಗ ಮಾಪಕ ಏನು ತೋರಿಸುತ್ತದೆಂಬುದನ್ನು ಮೊದಲು ನೋಡಬೇಕು. ಬೆಂಗಳೂರಿನಲ್ಲಿ ಒಟ್ಟು ಒತ್ತಡದ ಸೆನ್ಸರ್ ಸುಮಾರು 91 ಕಿಲೊಪಾಸ್ಕಲ್ ತೋರಿಸಬೇಕು.
3. ಭಾರವಿರುವಾಗಲೇ ಬೂಸ್ಟ್ ಓದಬೇಕು.
4. ಫಿಲ್ಟರನ್ನು ಕಲ್ಲಿಗೆ ಕುಟ್ಟಿ ಧೂಳು ಉದುರಿಸಬಾರದು. ಕಾಗದ ಹರಿದರೆ ಧೂಳು ನೇರವಾಗಿ ಟರ್ಬೊ ಚಕ್ರಕ್ಕೆ ಹೊಡೆಯುತ್ತದೆ.
5. ಭಾರದ ಕೆಲಸ ಮುಗಿದ ಕೂಡಲೆ ಎಂಜಿನ್ ನಿಲ್ಲಿಸಬಾರದು. ಎರಡು ಮೂರು ನಿಮಿಷ ನಿಧಾನವಾಗಿ ಓಡಿಸಿದರೆ ಎಣ್ಣೆ ಹರಿದು ಟರ್ಬೊ ತಣಿಯುತ್ತದೆ.

ಮಳೆಗಾಲಕ್ಕೆ ಮುಂಚೆ ಬಿತ್ತನೆ ಬೀಜದ ಮೊಳಕೆ ಪರೀಕ್ಷೆ ಮಾಡುವುದು ಒಳ್ಳೆಯ ರೈತರ ರೂಢಿ. ಹಾಗೆಯೇ ಹದ ಬರುವ ಮುನ್ನ ಒಂದು ದಿನ ಟ್ರ್ಯಾಕ್ಟರಿಗೆ ಭಾರ ಹೂಡಿ, ಬೂಸ್ಟ್ ನೋಡಿ, ಹೋದ ವರ್ಷದ ಅಂಕಿಯೊಡನೆ ಹೋಲಿಸಬೇಕು. ಹೊಗೆ ಕಾಣುವ ಹೊತ್ತಿಗೆ ದೋಷ ಬಲಿತಿರುತ್ತದೆ, ಮುಳ್ಳು ಅದನ್ನು ಮುಂಚೆಯೇ ತಿಳಿಸುತ್ತದೆ. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಟ್ರ್ಯಾಕ್ಟರು ಮಾಲೀಕರನ್ನು ಮೇ ತಿಂಗಳಲ್ಲಿ ಒಂದೆಡೆ ಸೇರಿಸಿ ಈ ಪರೀಕ್ಷೆಯನ್ನು ಮಾಡಿ ತೋರಿಸಿದರೆ, ಬಿತ್ತನೆಯ ದಿನಗಳಲ್ಲಿ ಯಂತ್ರ ಕೈಕೊಡುವುದು ಕಡಿಮೆಯಾಗಿ ಹದ ವ್ಯರ್ಥವಾಗುವುದು ತಪ್ಪುತ್ತದೆ.